ತಟ್ಟೆಯ ದನಿ, ಅಂಕಿಯ ದನಿ

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ, ಸಂಗೀತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ನಾನು ಹಾಡುವವನಲ್ಲ, ಬಾರಿಸುವವನೂ ಅಲ್ಲ. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಕೇಳಿದ್ದಷ್ಟೇ ನನ್ನ ಬಂಡವಾಳ. ನಿನ್ನೆ ಇದೇ ವೇದಿಕೆಯಲ್ಲಿ ಹಾಡಿದವರ ಮುಂದೆ ಮಾತನಾಡಲು ಸಂಕೋಚವಾಗುತ್ತದೆ. ಆದರೂ ಕೇಳುವವನಿಲ್ಲದೆ ಹಾಡುವವನಿಲ್ಲವಾದ್ದರಿಂದ, ಕೇಳುವವರ ಪಂಕ್ತಿಯಿಂದ ಎದ್ದುಬಂದು ಒಂದು ಅರಿಕೆ ಮಾಡಿಕೊಳ್ಳುತ್ತೇನೆ.

ಈಚೆಗೆ ತರುಣರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಶಾಸ್ತ್ರೀಯ ಸಂಗೀತವನ್ನು ಹಳೆಯ ವಿನೈಲ್ ತಟ್ಟೆಯಲ್ಲಿ ಕೇಳುವುದು ಮೇಲೋ, ಡಿಜಿಟಲ್ ಮುದ್ರಣದಲ್ಲಿ ಕೇಳುವುದು ಮೇಲೋ ಎಂದು. ಪೇಟೆಯಲ್ಲಿ ತಟ್ಟೆಗಳಿಗೆ ಮತ್ತೆ ಬೆಲೆ ಬಂದಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳ ಮಾರಾಟದಿಂದ ಬಂದ ಹಣ ಸಿ.ಡಿ.ಗಳಿಂದ ಬಂದ ಹಣವನ್ನು ಮೀರಿತು. ಹತ್ತಾರು ವರ್ಷಗಳ ಹಿಂದೆ ಸತ್ತಿತೆಂದು ಎಲ್ಲರೂ ಕೈತೊಳೆದುಕೊಂಡಿದ್ದ ವಸ್ತು ಹೀಗೆ ಎದ್ದು ಕುಳಿತಾಗ, ಅದರಲ್ಲಿ ಏನೋ ಇರಬೇಕೆಂದು ಅನಿಸುವುದು ಸಹಜ. ಏನಿದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳುತ್ತೇನೆ. ಕೊನೆಯಲ್ಲಿ ನನ್ನ ಕೈಯಿಂದ ಆದ ಒಂದು ಅಪರಾಧವನ್ನೂ ಹೇಳಲಿಕ್ಕಿದೆ.

ನಮ್ಮ ತಂದೆ ಮಿರಜದ ಪೇಟೆಯಿಂದ ಕೀಲಿ ಕೊಡುವ ಗ್ರಾಮಾಫೋನೊಂದನ್ನು ತಂದಿದ್ದರು. ನಾನು ಹುಟ್ಟುವ ಮೊದಲೇ ಅದು ಮನೆಯಲ್ಲಿತ್ತು. ಅದರೊಡನೆ ನಲವತ್ತರಷ್ಟು ತಟ್ಟೆಗಳು. ನೆರೆಯ ಮರಾಠಿಯವರು ಅವನ್ನು ತಬಕಡಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ‘ಪ್ಲೇಟು’. ಸಂಜೆ ದೀಪ ಹಚ್ಚಿ, ದನಗಳಿಗೆ ಮೇವು ಹಾಕಿ, ಕೈಕಾಲು ತೊಳೆದುಕೊಂಡು ಬಂದಮೇಲೆಯೇ ತಂದೆ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದರು. ಪ್ರತಿಯೊಂದು ಬದಿಗೂ ಹೊಸ ಮುಳ್ಳು. ಹಳೆಯ ಮುಳ್ಳನ್ನು ಎರಡನೆಯ ಸಲ ಹಚ್ಚಿದರೆ ತಟ್ಟೆ ತೇಯುತ್ತದೆಂದು ಅವರ ಕಟ್ಟಪ್ಪಣೆ. ಬಳಸಿದ ಮುಳ್ಳುಗಳನ್ನು ಡಬ್ಬಿಯಲ್ಲಿ ಹಾಕುವ ಕೆಲಸ ನನ್ನದು.

ಆ ತಟ್ಟೆಗಳು ವಿನೈಲಿನವಲ್ಲ, ಅರಗಿನವು. ಮರದ ಮೇಲೆ ಹುಳು ಕಟ್ಟುವ, ಅಕ್ಕಸಾಲಿಗರೂ ಬಳೆಗಾರರೂ ಬಳಸುವ ಅದೇ ಅರಗಿಗೆ ಕಲ್ಲಿನ ಹುಡಿ ಬೆರೆಸಿ ಒತ್ತಿ ಮಾಡಿದವು. ನಿಮಿಷಕ್ಕೆ 78 ಸುತ್ತು. ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು.

ಒಂದು ರಾಗವನ್ನು ಒಂದು ತಾಸು ಹಾಡುತ್ತಿದ್ದವರನ್ನು ಮೂರೂವರೆ ನಿಮಿಷದಲ್ಲಿ ಮುಗಿಸಿರೆಂದು ಕೂಡಿಸಿದರೆ ಏನಾಗಬೇಕು? ಕೆಲವರು ಕೈಚೆಲ್ಲಿದರು. ಕೆಲವರು ತುಂಬಿದ ಬಂಡಿಯನ್ನು ಓಣಿಯಲ್ಲಿ ಓಡಿಸಿದಂತೆ ಓಡಿಸಿದರು. ನಿಜವಾದ ದೊಡ್ಡವರು ಮಾತ್ರ ಆ ಚಿಕ್ಕ ಅಳತೆಯಲ್ಲಿ ರಾಗದ ಮುಖವನ್ನು ತೋರಿಸಿದರು. ನಮ್ಮ ಮಿರಜದಲ್ಲಿ ನೆಲೆಸಿದ್ದು 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನರು ಅಂಥವರಲ್ಲಿ ಒಬ್ಬರು. ಅವರ ಝಿಂಝೂಟಿ ಠುಮರಿಯ ತಟ್ಟೆಯೊಂದು ಗದಗಿನಲ್ಲಿ ಒಬ್ಬ ಬಾಲಕನ ಕಿವಿಗೆ ಬಿತ್ತು. ಹೀಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟ ಆ ಬಾಲಕನೇ ಭೀಮಸೇನ ಜೋಶಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರನೆಂಬ ಹುಡುಗ ದೊಡ್ಡ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ, ಹಾಗೆಯೇ ಒಪ್ಪಿಸಿ ಸಭೆಗಳನ್ನು ಬೆರಗುಗೊಳಿಸಿದ. ಮುಂದೆ ಯಾರ ಅನುಕರಣೆಯೂ ಅಲ್ಲದ ದಾರಿಯನ್ನು ಹಿಡಿದ ಕುಮಾರ ಗಂಧರ್ವನೇ ಆತ. ಗುರುವಿನ ಎದುರು ಕುಳಿತು ಕಲಿಯುವ ವಿದ್ಯೆಗೆ ಹೀಗೆ ಅರಗಿನ ತಟ್ಟೆಯೂ ಒಂದು ಬಾಗಿಲಾಯಿತು. ಆ ತಟ್ಟೆಗಳಲ್ಲಿ ತಂಬೂರಿ ಮಸುಕು, ತಬಲ ಟೊಳ್ಳು, ಕರಕರ ಸದ್ದು ಬೇರೆ. ಗದಗಿನ ಬಾಲಕನಿಗೆ ಅದಾವುದೂ ಅಡ್ಡಬರಲಿಲ್ಲ ಎಂಬುದನ್ನು ನೆನಪಿನಲ್ಲಿಡೋಣ.

ವಿನೈಲ್ ಬಂದುದು ಆಮೇಲೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು ನಿಮಿಷಕ್ಕೆ ಮೂವತ್ಮೂರೂ ಮೂರನೆಯ ಒಂದು ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದರು. ನಾನು ನೌಕರಿಗೆ ಸೇರಿ ಮೂರು ವರ್ಷದ ಉಳಿತಾಯದಿಂದ ಒಂದು ರೆಕಾರ್ಡ್ ಪ್ಲೇಯರನ್ನೂ, ಭೀಮಸೇನ ಜೋಶಿಯವರ ಒಂದು ಲಾಂಗ್ ಪ್ಲೇಯನ್ನೂ ಕೊಂಡುತಂದೆ. ಒಂದು ಬದಿಗೆ ಒಂದೇ ರಾಗ, ಇಪ್ಪತ್ತು ನಿಮಿಷ! ತಂದೆ ಆ ದಿನ ಗೋಡೆಗೆ ಒರಗಿ ಕುಳಿತು ಕೇಳಿದರು. ತಟ್ಟೆ ಮುಗಿದಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, “ತಮ್ಮಾ, ಇಷ್ಟು ವರ್ಷ ನಾವು ಬರೇ ಬಾಗಲದಾಗ ನಿಂತು ಇಣಿಕಿ ನೋಡಿದ್ವಿ. ಇವತ್ತ ಮನಿ ಒಳಗ ಬಂದಂಗ ಆತು” ಎಂದರು. ನನಗೆ ಗೊತ್ತಿದ್ದಮಟ್ಟಿಗೆ ಲಾಂಗ್ ಪ್ಲೇಯನ್ನು ಕುರಿತು ಇದಕ್ಕಿಂತ ಒಳ್ಳೆಯ ವಿಮರ್ಶೆಯಿಲ್ಲ. ಶಾಸ್ತ್ರೀಯ ಸಂಗೀತಕ್ಕೆ ಅದು ಕೊಟ್ಟ ಮೊದಲ ವರ ಇಂಪಲ್ಲ, ಅವಕಾಶ.

ಈ ತಟ್ಟೆಯಲ್ಲಿ ದನಿ ಹೇಗಿರುತ್ತದೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ತಟ್ಟೆಯ ಅಂಚಿನಿಂದ ನಡುವಿನವರೆಗೆ ಇರುವುದು ಒಂದೇ ಒಂದು ಗೀರು. ಒಂದು ಬದಿಯ ಗೀರನ್ನು ಬಿಚ್ಚಿ ನೇರ ಮಾಡಿದರೆ ಹತ್ತಿರಹತ್ತಿರ ಅರ್ಧ ಕಿಲೋಮೀಟರು ಉದ್ದವಾಗುತ್ತದೆ. ಗಾಯಕನ ದನಿ ಗಾಳಿಯಲ್ಲಿ ಹೇಗೆ ಅಲುಗಿತೋ ಹಾಗೆಯೇ ಈ ಗೀರಿನ ಗೋಡೆ ಡೊಂಕುಡೊಂಕಾಗಿರುತ್ತದೆ. ಮುಳ್ಳು ಆ ಡೊಂಕುಗಳಲ್ಲಿ ನಡೆದು ಅಲುಗುತ್ತದೆ. ಆ ಅಲುಗಾಟವೇ ವಿದ್ಯುತ್ತಾಗಿ, ಮರಳಿ ದನಿಯಾಗುತ್ತದೆ. ನಡುವೆ ಎಣಿಕೆಯಿಲ್ಲ, ಅಂಕಿಯಿಲ್ಲ. ಅಲೆಯಿಂದ ಅಲೆ. ತಟ್ಟೆಯ ಅಭಿಮಾನಿಗಳು ಇದನ್ನೇ ಎತ್ತಿ ಹಿಡಿದು, ‘ಇದು ಅಖಂಡವಾದ ದನಿ, ಡಿಜಿಟಲ್ಲಿನದು ಚೂರುಚೂರು ಮಾಡಿದ ದನಿ’ ಎನ್ನುತ್ತಾರೆ.

ಕೇಳಲು ಮಾತು ಚೆನ್ನಾಗಿದೆ. ಆದರೆ ತಟ್ಟೆಯಲ್ಲಿಯೂ ದನಿ ಇದ್ದ ಹಾಗೆಯೇ ಕುಳಿತಿರುವುದಿಲ್ಲ. ಮಂದ್ರದ ಅಲೆಗಳು ದೊಡ್ಡವು. ಇದ್ದ ಹಾಗೆ ಕೊರೆದರೆ ಒಂದು ಗೀರು ಪಕ್ಕದ ಗೀರಿಗೆ ನುಗ್ಗೀತು. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವಾಗ ಯಂತ್ರವು ಅದನ್ನು ತಿರುವುಮುರುವು ಮಾಡಿ ಸರಿಪಡಿಸುತ್ತದೆ. 1954ರಿಂದ ಇದಕ್ಕೊಂದು ಗೊತ್ತಾದ ಅಳತೆಯೇ ಇದೆ. ಇನ್ನೊಂದು ಕಷ್ಟ ನಮ್ಮ ಸಂಗೀತಕ್ಕೆ ವಿಶೇಷವಾಗಿ ತಟ್ಟುವಂಥದು. ತಟ್ಟೆಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಐವತ್ತು ಸೆಂಟಿಮೀಟರು ಗೀರು ಹಾಯುತ್ತದೆ. ನಡುವಿನ ಹತ್ತಿರ ಬಂದಾಗ ಇಪ್ಪತ್ತರಷ್ಟು ಮಾತ್ರ. ಅಷ್ಟು ಇಕ್ಕಟ್ಟಿನಲ್ಲಿ ಸೂಕ್ಷ್ಮವಾದ ಅಲೆಗಳು ಒಂದನ್ನೊಂದು ತುಳಿಯುತ್ತವೆ, ದನಿ ಒಡೆದಂತಾಗುತ್ತದೆ. ಖಯಾಲಿನ ಕ್ರಮವನ್ನು ನೆನೆಯಿರಿ. ವಿಲಂಬಿತದ ಆಲಾಪ ಮೊದಲು, ಅದು ತಟ್ಟೆಯ ಹೊರ ಅಂಚಿನ ವಿಶಾಲದಲ್ಲಿ. ದ್ರುತದ ತಾನಗಳು ಕೊನೆಗೆ, ಅವು ಒಳಗಿನ ಇಕ್ಕಟ್ಟಿನಲ್ಲಿ. ಗಾಯಕ ಏರುವ ಹೊತ್ತಿಗೆ ತಟ್ಟೆ ಸೋಲುವ ಹೊತ್ತು. ನನ್ನ ಲಾಂಗ್ ಪ್ಲೇಯಲ್ಲಿ ಕೊನೆಯ ತಾನಗಳು ಯಾವಾಗಲೂ ಸ್ವಲ್ಪ ಗೊಗ್ಗರಾಗಿಯೇ ಇದ್ದುವು. ಅದು ಗಾಯಕರ ಆವೇಶವೆಂದು ನಾನು ವರ್ಷಗಟ್ಟಲೆ ತಿಳಿದುಕೊಂಡಿದ್ದೆ!

ಇನ್ನು ಡಿಜಿಟಲ್ ಮುದ್ರಣ. ಸಿ.ಡಿ. ಮಾರುಕಟ್ಟೆಗೆ ಬಂದುದು 1982ರಲ್ಲಿ, ಜಪಾನಿನಲ್ಲಿ. ಅದರಲ್ಲಿ ದನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಒಂದೊಂದು ಅಳತೆಗೂ 65,536 ಮೆಟ್ಟಿಲುಗಳಲ್ಲಿ ಯಾವುದು ಹತ್ತಿರವೋ ಆ ಅಂಕಿಯನ್ನು ಬರೆದಿಡುತ್ತಾರೆ. ಇದನ್ನು ಮೊದಲು ಕೇಳಿದಾಗ ನನ್ನ ಮನಸ್ಸಿಗೂ ಒಪ್ಪಲಿಲ್ಲ. ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಇದ್ದ ದನಿ ಎಲ್ಲಿ ಹೋಯಿತು? ಮೀಂಡಿನ ಜಾರು ಮೆಟ್ಟಿಲಾಗಲಿಲ್ಲವೆ? ಒಂದು ಸಭೆಯಲ್ಲಿ ನಾನು ಹೀಗೆಂದು ಭಾಷಣವನ್ನೂ ಮಾಡಿದ್ದೆ. ಸಭೆ ಮುಗಿದಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿರ ಬಂದ. ಆತ ಪುಣೆಯಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದಾನೆ. “ಸರ್, ಸಿಟ್ಟಿಗೇಳಬ್ಯಾಡ್ರಿ. ವೃತ್ತ ತಗೀಲಿಕ್ಕೆ ಎಷ್ಟು ಬಿಂದು ಬೇಕಂತ ನೀವೇ ಕಲಿಸೀರಿ” ಎಂದ.

ಮೂರು ಬಿಂದು. ವೃತ್ತವೆಂಬುದು ಮೊದಲೇ ಗೊತ್ತಿದ್ದರೆ, ಒಂದೇ ಗೆರೆಯ ಮೇಲಿಲ್ಲದ ಮೂರು ಬಿಂದು ಸಾಕು, ಇಡೀ ವೃತ್ತ ಸಿಗುತ್ತದೆ. ಬಿಂದುಗಳ ನಡುವಿನ ಭಾಗ ಕಳೆದುಹೋಯಿತೆಂದು ಯಾರೂ ಅಳುವುದಿಲ್ಲ. ಧ್ವನಿಯ ವಿಷಯದಲ್ಲಿಯೂ ಅಂಥದೇ ಒಂದು ಪ್ರಮೇಯವಿದೆ. ಅಲೆಯಲ್ಲಿರುವ ಅತಿ ವೇಗದ ಕಂಪನ ಎಷ್ಟೋ ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ, ಆ ಅಳತೆಗಳಿಂದ ಮೂಲದ ಅಲೆಯನ್ನು ನಡುವಿನ ಜಾರುಗಳ ಸಮೇತ ಮತ್ತೆ ಎಳೆಯಬಹುದು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳಾಚೆ ಕೇಳುವುದಿಲ್ಲ. ನನ್ನ ವಯಸ್ಸಿನವರಿಗೆ ಅದರ ಅರ್ಧ ಕೇಳಿದರೆ ಪುಣ್ಯ. ಆದ್ದರಿಂದ 44,100 ಸಾಕು. ಹೊರಗೆ ಬರುವುದು ಮೆಟ್ಟಿಲಲ್ಲ, ಜಾರೇ. ಮೀಂಡಿಗೆ ಭಂಗವಿಲ್ಲ. ಇನ್ನು ಸದ್ದಿಲ್ಲದ ಹಿನ್ನೆಲೆಯ ಮಾತು. ತಟ್ಟೆಯಲ್ಲಿ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಣ ಅಂತರ ಅರವತ್ತು ಎಪ್ಪತ್ತು ಡೆಸಿಬೆಲ್ ಇದ್ದರೆ ಹೆಚ್ಚು; ಸಿ.ಡಿ.ಯಲ್ಲಿ ತೊಂಬತ್ತಾರು. ಆಲಾಪದ ನಡುವೆ ಗಾಯಕ ಉಸಿರು ತೆಗೆದುಕೊಂಡಾಗ ತಂಬೂರಿಯೊಂದೇ ಉಳಿಯುವ ಆ ಕ್ಷಣ ತಟ್ಟೆಯಲ್ಲಿ ಕರಕರದೊಡನೆ ಬೆರೆತುಹೋಗುತ್ತದೆ, ಸಿ.ಡಿ.ಯಲ್ಲಿ ಬೆರೆಯುವುದಿಲ್ಲ.

ಲೆಕ್ಕದ ಪ್ರಕಾರ ತೀರ್ಪು ಇಷ್ಟಕ್ಕೇ ಮುಗಿಯಬೇಕು. ಆದರೆ ಕಿವಿ ಲೆಕ್ಕಕ್ಕೆ ಒಪ್ಪದ ಸಂದರ್ಭಗಳಿವೆ. ಏಕೆಂಬುದನ್ನು ನಮ್ಮ ಮನೆಯ ಒಂದು ತಟ್ಟೆಯ ಕಥೆಯಿಂದಲೇ ಹೇಳುತ್ತೇನೆ.

ತಂದೆಯ ಸಂಗ್ರಹದಲ್ಲಿ ಅಬ್ದುಲ್ ಕರೀಮ್ ಖಾನರ ತಟ್ಟೆಯೊಂದಿತ್ತು. ಅದು ಒಮ್ಮೆ ಕೈಜಾರಿ ಬಿದ್ದು ಅಂಚಿನಿಂದ ಒಂದು ಬಿರುಕು ಬಿಟ್ಟಿತ್ತು. ಸುತ್ತಿಗೊಂದು ಸಲ ಮುಳ್ಳು ಬಿರುಕನ್ನು ದಾಟುವಾಗ ‘ಟಿಕ್’ ಎನ್ನುತ್ತಿತ್ತು; ನಿಮಿಷಕ್ಕೆ 78 ಸಲ. ಚಿಕ್ಕವನಾದ ನಾನು ಅದೂ ಒಂದು ತಾಳವೆಂದೇ ತಿಳಿದಿದ್ದೆ. ಕೀಲಿ ಸಡಿಲಾದಂತೆ ತಟ್ಟೆಯ ವೇಗ ಇಳಿದು, ಷಡ್ಜವೇ ಕೆಳಗೆ ಜಾರುತ್ತಿತ್ತು; ತಂದೆ ಎದ್ದು ಎರಡು ಸುತ್ತು ಕೀಲಿ ಕೊಟ್ಟರೆ ಮತ್ತೆ ಏರುತ್ತಿತ್ತು. ಇದು ನನ್ನ ಮೊದಲ ಕೇಳ್ಮೆ.

ಎರಡನೆಯದು ಅರವತ್ತು ವರ್ಷಗಳ ಮೇಲೆ. ಮೊಮ್ಮಗ ಅದೇ ಹಾಡನ್ನು ಮೊಬೈಲಿನಲ್ಲಿ ಹುಡುಕಿ ತಂದು, “ಅಜ್ಜಾ, ನಿನ್ನ ಪ್ಲೇಟು ಇದರಾಗ ಐತಿ ನೋಡು. ಟಿಕ್ ಟಿಕ್ ಏನೂ ಇಲ್ಲ” ಎಂದು ಕೇಳಿಸಿದ. ಟಿಕ್ ಇರಲಿಲ್ಲ, ನಿಜ. ಆದರೆ ದನಿ ನೀರಿನೊಳಗಿಂದ ಬಂದ ಹಾಗಿತ್ತು. ಸ್ವರಗಳಿದ್ದುವು, ಸ್ವರಗಳ ಮೇಲಿನ ಮೆರುಗು ಇರಲಿಲ್ಲ. ತಂಬೂರಿಯಂತೂ ಇಲ್ಲವೇ ಇಲ್ಲ. ಸಾಲದ್ದಕ್ಕೆ ಗಾಯಕರ ದನಿ ನಾನು ಬಲ್ಲದ್ದಕ್ಕಿಂತ ತೆಳ್ಳಗೆ, ಅವಸರವಾಗಿ ಕೇಳಿಸಿತು. ನಾನು ಮನಸ್ಸಿನಲ್ಲಿಯೇ, ‘ಡಿಜಿಟಲ್ ಎಂದರೆ ಇಷ್ಟೆ’ ಎಂದು ತೀರ್ಮಾನಿಸಿಬಿಟ್ಟೆ.

ಮೂರನೆಯ ಕೇಳ್ಮೆ ನನ್ನ ತೀರ್ಮಾನವನ್ನು ಅಳಿಸಿತು. ಪುಣೆಯ ಆ ವಿದ್ಯಾರ್ಥಿ ನಮ್ಮ ಬಿರುಕಿನ ತಟ್ಟೆಯನ್ನೇ ಒಯ್ದು ಮುದ್ರಿಸಿಕೊಂಡುಬಂದ. ಅರಗಿನ ತಟ್ಟೆಯ ಗೀರು ಅಗಲ, ಲಾಂಗ್ ಪ್ಲೇಯದು ಕಿರಿದು. ಲಾಂಗ್ ಪ್ಲೇಯ ಮುಳ್ಳನ್ನು ಅರಗಿನ ತಟ್ಟೆಗೆ ಹಚ್ಚಿದರೆ ಅದು ಗೀರಿನ ತಳಕ್ಕೆ ಇಳಿದು ಕಸವನ್ನೇ ಕೆರೆಯುತ್ತದೆ. ಆತ ತಕ್ಕ ಮುಳ್ಳನ್ನು ಹಚ್ಚಿದ್ದ. ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲಿಯೇ ಮುದ್ರಿತವಾದುವಲ್ಲ. 76ರಲ್ಲಿ ಮುದ್ರಿತವಾದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆಯ ಅರ್ಧದಷ್ಟು ಏರುತ್ತದೆ. ಹಾಡಿದವರ ಪ್ರಾಯವೇ ಬದಲಾದಂತೆ ಕೇಳಿಸುತ್ತದೆ. ಆತ ವೇಗವನ್ನೂ ತಿದ್ದಿದ್ದ. ಕರಕರವನ್ನು ಒರಸಿಹಾಕಿರಲಿಲ್ಲ. ಟಿಕ್ ಹಾಗೆಯೇ ಇತ್ತು. ಅದರ ಹಿಂದೆ, ನನ್ನ ಇಡೀ ಆಯುಷ್ಯದಲ್ಲಿ ಆ ತಟ್ಟೆಯಿಂದ ನಾನು ಕೇಳಿರದ ಒಂದು ಸಂಗತಿ ಕೇಳಿಸಿತು: ಎರಡು ಸ್ವರಗಳ ನಡುವೆ ಗಾಯಕರು ಎಳೆದುಕೊಂಡ ಉಸಿರು. ತಂದೆಯ ಪೆಟ್ಟಿಗೆಯಿಂದ ಅದು ಎಂದೂ ಹೊರಬಂದಿರಲಿಲ್ಲ. ತಟ್ಟೆಯೊಳಗೆ ಮಾತ್ರ ಮೊದಲಿನಿಂದಲೂ ಇತ್ತು.

ಎರಡನೆಯದೂ ಡಿಜಿಟಲ್ಲೇ, ಮೂರನೆಯದೂ ಡಿಜಿಟಲ್ಲೇ. ಅಂತರ ಬಂದುದು ದಾಟಿಸಿದ ಕೈಗಳಿಂದ. ಎರಡನೆಯದರಲ್ಲಿ ಯಾರೋ ಕರಕರವನ್ನು ತೆಗೆಯಲು ಹೋಗಿ ತಂಬೂರಿಯನ್ನೂ ತೆಗೆದಿದ್ದರು. ತಂಬೂರಿಯ ನಾದವಿರುವುದು ಜವಾರಿಯಲ್ಲಿ, ಎಂದರೆ ಕುದುರೆಯ ಮೇಲೆ ತಂತಿಯ ಅಡಿಗೆ ಇಟ್ಟ ನೂಲಿನೆಳೆಯಿಂದ ಚಿಮ್ಮುವ ಸಣ್ಣ ಸಣ್ಣ ಮೇಲುಸ್ವರಗಳಲ್ಲಿ. ಆ ಮೇಲುಸ್ವರಗಳೂ ತಟ್ಟೆಯ ಕರಕರವೂ ಎತ್ತರದಲ್ಲಿ ಅಕ್ಕಪಕ್ಕದ ಮನೆಯವು. ಒರಟು ಕೈಯಿಂದ ಒಂದನ್ನು ಒರಸಿದರೆ ಇನ್ನೊಂದು ಉಳಿಯದು. ಅದರ ಮೇಲೆ, ಮೊಬೈಲಿನಲ್ಲಿ ಹಗುರಾಗಿ ಹರಿಯಲೆಂದು ಕಡತವನ್ನು ಹಿಂಡಿದ್ದರು. ಸಿ.ಡಿ.ಯಲ್ಲಿ ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್ಟುಗಳಿರುವಲ್ಲಿ, ಸಾಧಾರಣ ಎಂ.ಪಿ.3 ಕಡತದಲ್ಲಿ 1,28,000; ಹನ್ನೊಂದರಲ್ಲಿ ಒಂದು ಪಾಲು. ಕಿವಿಗೆ ತಿಳಿಯಲಾರದೆಂದು ಯಂತ್ರ ಬಗೆದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಅದು ನಿಜಕ್ಕೂ ತಿಳಿಯುವುದಿಲ್ಲ. ಒಂಟಿ ತಂಬೂರಿಯ ಮುಂದೆ ಒಂಟಿ ದನಿ ನಿಂತಾಗ ತಿಳಿದುಬಿಡುತ್ತದೆ.

ಈ ತಂಬೂರಿಯ ವಿಷಯದಲ್ಲಿ ನಮ್ಮ ಸೀಮೆಗೆ ಸ್ವಲ್ಪ ಅಧಿಕಾರವೂ ಇದೆ. ಪಂಢರಪುರದ ಸುತ್ತ ಬೆಳೆಯುವ ಸೋರೆಬುರುಡೆಯಿಂದ ಮಿರಜದ ಕುಶಲಿಗಳು ಕಟ್ಟಿದ ತಂಬೂರಿಗಳು ದೇಶದ ದೊಡ್ಡ ದೊಡ್ಡ ಗವಾಯಿಗಳ ಹಿಂದೆ ನಿಂತಿವೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿತು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನೀಲಕಂಠಬುವಾ ಅವರಲ್ಲಿ ಕಲಿತದ್ದು ಆ ಮಿರಜದಲ್ಲಿಯೇ. ಆದ್ದರಿಂದ ಮುದ್ರಣವೊಂದು ಒಳ್ಳೆಯದೋ ಕೆಟ್ಟದೋ ಎಂದು ನೀವು ನನ್ನನ್ನು ಕೇಳಿದರೆ, ಗಾಯಕನನ್ನು ಬಿಟ್ಟು ಮೊದಲು ತಂಬೂರಿಗೆ ಕಿವಿಗೊಡಿರಿ ಎನ್ನುತ್ತೇನೆ. ತಂಬೂರಿ ಬದುಕಿದ್ದರೆ ಉಳಿದುದೆಲ್ಲ ಬದುಕಿರುತ್ತದೆ. ತಟ್ಟೆಯೋ ಅಂಕಿಯೋ ಎಂಬುದು ಆಮೇಲಿನ ಮಾತು. ಇಂದು ಹೊಸದಾಗಿ ಹೊರಬರುವ ವಿನೈಲ್ ತಟ್ಟೆಗಳಲ್ಲಿ ಬಹಳಷ್ಟು ಮೊದಲು ಡಿಜಿಟಲ್ಲಾಗಿ ಮುದ್ರಿತವಾಗಿ, ಆಮೇಲೆ ತಟ್ಟೆಗೆ ಇಳಿದವು ಎಂಬುದನ್ನೂ ತಿಳಿದಿರಬೇಕು.

ಆದರೂ ತಟ್ಟೆಯಿಂದ ನಮಗೆ ಒಂದು ಸಂಸ್ಕಾರ ಬಂದಿತ್ತು. ಅದನ್ನು ಹಾಕಲು ಏಳಬೇಕು, ಬದಿ ತಿರುವಲು ಮತ್ತೆ ಏಳಬೇಕು. ನಡುವೆ ಅಡ್ಡಾಡಿದರೆ ಮುಳ್ಳು ಹಾರುತ್ತದೆಂದು ಮಕ್ಕಳೂ ಸುಮ್ಮನೆ ಕುಳಿತಿರುತ್ತಿದ್ದುವು. ಇಂದು ಸಾವಿರ ರಾಗ ಕಿಸೆಯಲ್ಲಿವೆ. ಒಂದನ್ನೂ ಕೊನೆಯವರೆಗೆ ಕೇಳುವ ವ್ಯವಧಾನವಿಲ್ಲ. ಇದು ಯಂತ್ರದ ದೋಷವಲ್ಲ. ದೀಪ ಹಚ್ಚಿ, ಕೈಕಾಲು ತೊಳೆದು, ಕುಳಿತು ಕೇಳುವವನಿಗೆ ಮೊಬೈಲೂ ಅಡ್ಡಿಮಾಡದು.

ಇನ್ನು ನಾನು ಮೊದಲು ಹೇಳಿದ ಅಪರಾಧ.

ತಂದೆಯ ಸಂಗ್ರಹದಲ್ಲಿ ಕನ್ನಡ ನಾಟಕ ಕಂಪನಿಯ ಒಬ್ಬ ಗಾಯಕಿಯ ತಟ್ಟೆಯಿತ್ತು. ಒಂದು ಬದಿಗೆ ರಂಗಗೀತೆ, ಇನ್ನೊಂದು ಬದಿಗೆ ಭೀಮಪಲಾಸಿ. ಮೇಲಿನ ಚೀಟಿ ಹರಿದು ಹೆಸರು ಹೋಗಿತ್ತು. ತಂದೆಗೆ ಆಕೆಯ ಹೆಸರು ಗೊತ್ತಿತ್ತು, ಆಕೆಯನ್ನು ರಂಗದ ಮೇಲೆ ಕಂಡೂ ಇದ್ದರು. ನಾವು ಮಕ್ಕಳು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ತಂದೆ ತೀರಿಕೊಂಡಮೇಲೆ ಹೆಸರೂ ಹೋಯಿತು, ದನಿ ಉಳಿದಿತ್ತು. ಹಳೆಯ ತಟ್ಟೆಗಳನ್ನೆಲ್ಲ ಪುಣೆಗೆ ಕಳಿಸುವ ಮೊದಲು ತೊಳೆದು ಕೊಡೋಣವೆಂದು ನಾನು ಹೊರಟೆ. ವಿನೈಲ್ ತಟ್ಟೆಗಳನ್ನು ಸ್ಪಿರಿಟ್ ಬೆರೆಸಿದ ನೀರಿನಿಂದ ಒರಸುತ್ತಾರೆಂದು ಎಲ್ಲಿಯೋ ಕೇಳಿದ್ದೆ. ಅದೇ ನೀರನ್ನು ಅರಗಿನ ತಟ್ಟೆಗೆ ಹಚ್ಚಿದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಕ್ಕೆ ಮೆರುಗು ಕೊಡುವ ಬಡಿಗನನ್ನು ಕೇಳಿದ್ದರೂ ಹೇಳುತ್ತಿದ್ದ; ನಾನು ಕೇಳಲಿಲ್ಲ. ಮಿಂಚುತ್ತಿದ್ದ ತಟ್ಟೆ ಕಣ್ಣೆದುರಿಗೇ ಮಂಕಾಯಿತು, ಬಟ್ಟೆ ಕಪ್ಪಾಯಿತು. ಒಣಗಿದಮೇಲೆ ಮುಳ್ಳು ಇಟ್ಟರೆ ಬರೀ ಮಳೆಯ ಸದ್ದು; ಭೀಮಪಲಾಸಿಯ ಗುರುತಿಲ್ಲ.

ಅದೇ ಹಾಡು ಬೇರೆಲ್ಲಿಯಾದರೂ ಇದ್ದೀತೆಂದು ಅಂದಿನಿಂದ ಹುಡುಕುತ್ತಿದ್ದೇನೆ. ಹೆಸರಿಲ್ಲದೆ ಹುಡುಕುವುದೆಂತು? ಹೆಸರಿನ ಬೆಲೆ ನನಗೆ ಆಗ ತಿಳಿಯಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲಿನ ಕೋಣೆಯೊಂದರಲ್ಲಿ ಗೋಹರ್ ಜಾನ್ ಗ್ರಾಮಾಫೋನ್ ಕಂಪನಿಗಾಗಿ ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ; ಅಲ್ಲಿಯವರು ಯಾರ ತಟ್ಟೆಗೆ ಯಾರ ಚೀಟಿ ಅಂಟಿಸಬೇಕೆಂದು ತಿಳಿಯಲೆಂದು ಆ ಏರ್ಪಾಡು. ನಮ್ಮ ಗಂಗೂಬಾಯಿ ಹಾನಗಲ್ಲರು 1930ರ ದಶಕದ ತಮ್ಮ ಮೊದಮೊದಲ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದರು. ಆ ತಟ್ಟೆಗಳಲ್ಲಿರುವುದು ಎಳೆಯ, ತೆಳುವಾದ, ಎತ್ತರದ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಗಂಭೀರವಾದ ಕಂಠವನ್ನಷ್ಟೇ ಬಲ್ಲವರು ಇದು ಅವರದೆಂದು ನಂಬುವುದೇ ಕಷ್ಟ. ಗಾಂಧಾರಿಯೆಂದರೆ ಗಂಗೂಬಾಯಿ ಎಂದು ಯಾರೋ ಬರೆದಿಟ್ಟದ್ದರಿಂದ ಆ ದನಿ ಅವರಿಗೆ ಉಳಿಯಿತು. ದನಿಯನ್ನು ದಾಟಿಸುವವರು ಹೆಸರನ್ನೂ ದಾಟಿಸಬೇಕು.

ಬಂಧುಗಳೆ, ದಾಟುವಾಗ ಯಾವುದು ಕೈಬಿಟ್ಟುಹೋಗುತ್ತದೆ ಎಂಬ ಪಾಠವನ್ನು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. 1948ರಲ್ಲಿ ಜತ್ತ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದುವು, 1960ರಲ್ಲಿ ಮಹಾರಾಷ್ಟ್ರವಾಯಿತು. ನಮ್ಮ ಹಳ್ಳಿಗಳು ಇದ್ದಲ್ಲಿಯೇ ಇದ್ದುವು. ಒಂದು ದಫ್ತರದಿಂದ ಇನ್ನೊಂದು ದಫ್ತರಕ್ಕೆ ನಾವು ದಾಟಿದೆವು. ನೆರೆಯವರೊಡನೆ ಕೂಡಿ ಬಾಳಿದ್ದೇವೆ, ಅವರ ಹಾಡನ್ನು ನಮ್ಮದೆಂದೇ ಕೇಳಿದ್ದೇವೆ. ಹಾಗೆಯೇ ನಮ್ಮ ಮನೆಯ ದನಿಗಳನ್ನು ನಾವೇ ನೋಡಿಕೊಳ್ಳದಿದ್ದರೆ ಬೇರೆ ಯಾರೂ ನೋಡಿಕೊಳ್ಳರು ಎಂಬುದನ್ನೂ ಕಲಿತಿದ್ದೇವೆ. ದೊಡ್ಡ ಗವಾಯಿಗಳ ದನಿಗೆ ಕಾವಲುಗಾರರಿದ್ದಾರೆ. ಹಳೆಯ ತಟ್ಟೆಗಳನ್ನು ಡಿಜಿಟಲ್ಲಿಗೆ ದಾಟಿಸುವ ಸಂಗ್ರಹಾಲಯಗಳು ಬೆಂಗಳೂರಿನಲ್ಲಿಯೂ ಇವೆ, ಬೇರೆಡೆಯೂ ಇವೆ. ಆದರೆ ಕಪಾಟಿನಲ್ಲಿ, ಅಟ್ಟದ ಮೇಲೆ, ಧಾನ್ಯದ ಕಣಜದ ಹಿಂದೆ ಇರುವ ತಟ್ಟೆ ತಾನಾಗಿ ಅಲ್ಲಿಗೆ ನಡೆದುಹೋಗದು. ಗುಜರಿಯವನು ಮಾತ್ರ ಮನೆಬಾಗಿಲಿಗೇ ಬರುತ್ತಾನೆ.

ಆದ್ದರಿಂದ ನನ್ನ ಅರಿಕೆ ಇಷ್ಟು. ನಿಮ್ಮ ಮನೆಯಲ್ಲಿ ಹಳೆಯ ತಟ್ಟೆಯಿದ್ದರೆ ಮಾರಬೇಡಿರಿ. ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡಿರಿ, ಬಿಸಿಲು ತಾಗಿಸಬೇಡಿರಿ. ಸ್ಪಿರಿಟ್ಟು ಮುಟ್ಟಿಸಬೇಡಿರಿ, ಮೆತ್ತನೆಯ ಒಣ ಬಟ್ಟೆ ಸಾಕು. ಚೀಟಿಯ ಮೇಲಿರುವುದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳಿರಿ. ಮನೆಯಲ್ಲಿ ಹಿರಿಯರಿದ್ದರೆ ಇಂದು ರಾತ್ರಿಯೇ, ಊಟಕ್ಕೆ ಕುಳಿತಾಗ, ಇದು ಯಾರ ದನಿ ಎಂದು ಕೇಳಿರಿ. ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಬಿಟ್ಟುಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಪುಣೆಯ ನನ್ನ ವಿದ್ಯಾರ್ಥಿ ದೀಪಾವಳಿಯ ರಜೆಯಲ್ಲಿ ಬಂದು ದಾಟಿಸಿಕೊಡುವೆನೆಂದಿದ್ದಾನೆ. ಟಿಕ್ ಇರುವ ಪ್ರತಿಯನ್ನೂ ಇಡುತ್ತಾನೆ, ತಿದ್ದಿದ ಪ್ರತಿಯನ್ನೂ ಇಡುತ್ತಾನೆ. ತಟ್ಟೆ ಮಾತ್ರ ನಿಮ್ಮ ಮನೆಗೆ ಹಿಂದಿರುಗುತ್ತದೆ.

ಕೊನೆಯದಾಗಿ ಒಂದು ಮಾತು. ಆ ಗಾಯಕಿಯ ತಟ್ಟೆಯಲ್ಲಿ ದನಿ ಹೋಯಿತು, ಹೆಸರು ಹೋಯಿತು. ಆದರೆ ತಟ್ಟೆಯ ನಡುವೆ, ಚೀಟಿಯ ಅಂಚಿನ ಪಕ್ಕದಲ್ಲಿ, ಅರಗಿನೊಳಗೇ ಒತ್ತಿದ ಒಂದು ಸಂಖ್ಯೆ ಇನ್ನೂ ಉಳಿದಿದೆ. ಸ್ಪಿರಿಟ್ಟು ಅಲ್ಲಿಯವರೆಗೆ ಹೋಗಿರಲಿಲ್ಲ. ಅದೇ ಅಚ್ಚಿನಿಂದ ಒತ್ತಿದ ಪ್ರತಿಯೊಂದು ತಟ್ಟೆಯಲ್ಲಿಯೂ ಅದೇ ಸಂಖ್ಯೆ ಇರುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಭಾಂಗಣದ ಬಾಗಿಲಿಗೆ ಅಂಟಿಸಿದ್ದೇನೆ. ಹೋಗುವಾಗ ದಯವಿಟ್ಟು ಬರೆದುಕೊಂಡು ಹೋಗಿರಿ. ಅಥಣಿಯ ನೆಂಟರಲ್ಲಿ, ವಿಜಾಪುರದ ಬೀಗರಲ್ಲಿ, ಸೊಲ್ಲಾಪುರದ ಅಕ್ಕತಂಗಿಯರ ಮನೆಗಳಲ್ಲಿ ಎಲ್ಲಿಯಾದರೂ ಆ ಸಂಖ್ಯೆಯ ತಟ್ಟೆ ಕಂಡರೆ ನನಗೆ ಒಂದು ಮಾತು ತಿಳಿಸಿರಿ. ಬಿರುಕು ಬಿಟ್ಟಿದ್ದರೂ ಆಗಬಹುದು, ತೇದಿದ್ದರೂ ಆಗಬಹುದು. ಆ ಭೀಮಪಲಾಸಿಯನ್ನು ಇನ್ನೊಮ್ಮೆ ಕೇಳಬೇಕು. ಚೀಟಿ ಇದ್ದರೆ ಆಕೆಯ ಹೆಸರನ್ನು ಓದಬೇಕು.